ಕೊನೆಯ ಸಾಲಿಗೂ ಕಾಣುವಂತೆ: ಶರಣರ ನಾಟಕಗಳಲ್ಲಿ ಪುಟ್ಟ ನಿಸ್ತಂತು ಕ್ಯಾಮೆರಾ

ದಾಸೋಹದ ಪಂಕ್ತಿಯಲ್ಲಿ ಮೊದಲ ಎಲೆಗೆ ಬಡಿಸಿದ್ದನ್ನೇ ಕೊನೆಯ ಎಲೆಗೂ ಬಡಿಸಬೇಕೆಂಬುದು ಶರಣ ಪರಂಪರೆ ನಮಗೆ ಕಲಿಸಿರುವ ನಡೆ. ಶ್ರೀಮಠಗಳ ಆವರಣದಲ್ಲಿ ನಡೆಯುವ ನಾಟಕಗಳಲ್ಲಿ ಮಾತ್ರ ಈ ಸಮಾನತೆ ಅರ್ಧಕ್ಕೇ ನಿಂತಿದೆ. ಧ್ವನಿವರ್ಧಕ ಬಂದ ಮೇಲೆ ನಟರ ಮಾತು ಕೊನೆಯ ಸಾಲಿಗೂ ತಲುಪಿತು. ಅವರ ಮುಖಭಾವ ಮತ್ತು ಕೈಗಳ ಕೆಲಸ ಇಂದಿಗೂ ಮುಂದಿನ ನಾಲ್ಕೈದು ಸಾಲುಗಳ ಪಾಲಿನದ್ದಾಗಿಯೇ ಉಳಿದಿವೆ. ಕೊಡಗಿನಲ್ಲಿ ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಕಡೆ ಬಸವ ಜಯಂತಿಗೋ ಜಾತ್ರೆಗೋ ಶಾಮಿಯಾನ ಹಾಕಿ ನಾಟಕ ಆಡಿದಾಗ, ತೋಟದ ಕೆಲಸ ಮುಗಿಸಿ ತಡವಾಗಿ ಬಂದವರು ಕೂರುವುದು ಹಿಂದಿನ ಸಾಲುಗಳಲ್ಲಿಯೇ. ದಿನವಿಡೀ ಕಾಯಕ ಮಾಡಿ ಬಂದವರಿಗೆ ಕಾಯಕದ ಕಥೆ ಅಸ್ಪಷ್ಟವಾಗಿ ಕಾಣುವುದು ನಾವು ಯೋಚಿಸಬೇಕಾದ ಸಂಗತಿ.

ಈಗ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದಾದ, ತಂತಿಯ ಹಂಗಿಲ್ಲದ ಕ್ಯಾಮೆರಾಗಳು ಬಂದಿವೆ. ರಂಗದ ಮೇಲೆ ನಡೆಯುತ್ತಿರುವುದನ್ನು ಅದೇ ಕ್ಷಣದಲ್ಲಿ ದೊಡ್ಡ ಪರದೆಯ ಮೇಲೆ ಮೂಡಿಸಲು ಅವುಗಳಿಂದ ಸಾಧ್ಯ. ನಮ್ಮ ಯುವಕ ಸಂಘಗಳೂ ಶಾಲೆಗಳೂ ಇವುಗಳನ್ನು ಬಳಸಲು ಉತ್ಸುಕವಾಗಿವೆ. ಇವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ, ಎಂತಹ ಕಡೆ ಬಳಸಬೇಕು, ಎಲ್ಲಿ ಬಳಸಲೇಬಾರದು ಎಂಬುದನ್ನು ಸದ್ಭಕ್ತರ ಮುಂದೆ ಸರಳವಾಗಿ ಇಡುವುದು ಈ ಲೇಖನದ ಉದ್ದೇಶ.

ಪರದೆ ನಮಗೆ ಹೊಸದಲ್ಲ

ನಾಟಕಕ್ಕೂ ಮಠಗಳಿಗೂ ಇರುವ ನಂಟು ಹಳೆಯದು. ಸಿರಿಗೆರೆಯ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು ಸ್ವತಃ ನಾಟಕಗಳನ್ನು ರಚಿಸಿ, ರಂಗಭೂಮಿಯನ್ನು ಧರ್ಮಪ್ರಸಾರದ ಸಾಧನವನ್ನಾಗಿ ಕಂಡವರು. ಅದೇ ಪರಂಪರೆಯ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರ ನೇತೃತ್ವದಲ್ಲಿ 1997ರಲ್ಲಿ ಆರಂಭವಾದ ಶಿವಸಂಚಾರ ನಾಟಕ ತಂಡವು ಊರಿಂದೂರಿಗೆ ತಿರುಗಾಟ ನಡೆಸುತ್ತ ಬಂದಿದೆ. ಅಲ್ಲಿನ ಬಯಲು ರಂಗಮಂದಿರದ ಆಸನಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗುವುದರಿಂದ ಹಿಂದೆ ಕುಳಿತವರಿಗೆ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ಎಲ್ಲ ಊರುಗಳಿಗೂ ಅಂತಹ ಭಾಗ್ಯವಿಲ್ಲ. ಸಮತಟ್ಟಾದ ಮೈದಾನದಲ್ಲಿ ಕುರ್ಚಿ ಹಾಕಿ ಕುಳಿತವರಿಗೆ ಮೂರನೆಯ ಸಾಲಿನಿಂದಲೇ ತಲೆಗಳು ಅಡ್ಡವಾಗುತ್ತವೆ.

ಕೊಡಗಿನ ರಂಗಪರಂಪರೆಗೂ ಶತಮಾನ ದಾಟಿದ ಇತಿಹಾಸವಿದೆ. ಹರದಾಸ ಅಪ್ಪಚ್ಚ ಕವಿಗಳು 1906ರಲ್ಲಿಯೇ ಯಯಾತಿ ರಾಜ ನಾಟಕವನ್ನು ಕೊಡವ ಭಾಷೆಯಲ್ಲಿ ರಚಿಸಿದರು. ವಿಜಯದಶಮಿಯ ರಾತ್ರಿ ಮಡಿಕೇರಿಯ ಬೀದಿಗಳಲ್ಲಿ ಸಾಗುವ ದಶಮಂಟಪಗಳು ಬೆಳಕು, ಧ್ವನಿ ಮತ್ತು ಚಲಿಸುವ ಮೂರ್ತಿಗಳಿಂದ ಪುರಾಣದ ಕಥೆಗಳನ್ನು ಕಟ್ಟಿಕೊಡುತ್ತವೆ. ಯಂತ್ರವನ್ನು ಕಥೆಯ ಸೇವೆಗೆ ದುಡಿಸಿಕೊಳ್ಳುವುದು ಇಲ್ಲಿನ ಜನರಿಗೆ ಹೊಸ ವಿದ್ಯೆಯೇನಲ್ಲ.

ಪರದೆಯ ಮೇಲೆ ಬಿಂಬ ಮೂಡಿಸಿ ಕಥೆ ಹೇಳುವುದೂ ಕನ್ನಡ ನಾಡಿಗೆ ಹೊರಗಿನಿಂದ ಬಂದದ್ದಲ್ಲ. ತೊಗಲುಗೊಂಬೆಯಾಟದಲ್ಲಿ ಬಿಳಿಯ ಬಟ್ಟೆಯ ಹಿಂದೆ ದೀಪವಿರಿಸಿ, ಬಣ್ಣದ ತೊಗಲಿನ ಗೊಂಬೆಗಳನ್ನು ಆಡಿಸುವ ಕಲಾವಿದರು ಆ ಕ್ಷಣದಲ್ಲಿಯೇ ಬಿಂಬವನ್ನು ಹುಟ್ಟಿಸುತ್ತಾರೆ. ಗೊಂಬೆಯನ್ನು ದೀಪದ ಹತ್ತಿರ ತಂದರೆ ಬಿಂಬ ಹಿರಿದಾಗುತ್ತದೆ, ಬಟ್ಟೆಗೆ ಒತ್ತಿ ಹಿಡಿದರೆ ಸ್ಪಷ್ಟವಾಗುತ್ತದೆ.

ಹೊರನಾಡುಗಳಲ್ಲಿ 1920ರ ದಶಕದ ಬರ್ಲಿನ್ನಿನಲ್ಲಿ ನಿರ್ದೇಶಕ ಎರ್ವಿನ್ ಪಿಸ್ಕಾಟರ್ ಅವರು ನಾಟಕದ ನಡುವೆ ಚಲನಚಿತ್ರದ ತುಣುಕುಗಳನ್ನು ಬಳಸಿದರು. ಆ ಚಿತ್ರಗಳು ಮೊದಲೇ ತೆಗೆದಿಟ್ಟವು. ನಟರನ್ನು ರಂಗದ ಮೇಲೆಯೇ ಸೆರೆಹಿಡಿದು ಅಲ್ಲಿಯೇ ತೋರಿಸುವ ಪದ್ಧತಿ ಬೆಳೆದದ್ದು ನಂತರದ ಕಾಲದಲ್ಲಿ. 2023ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ಜೇಮಿ ಲಾಯ್ಡ್ ನಿರ್ದೇಶಿಸಿದ ಸನ್‌ಸೆಟ್ ಬುಲೆವಾರ್ಡ್ ಪ್ರಯೋಗದಲ್ಲಿ ನಟನೊಬ್ಬ ನೇಪಥ್ಯದಿಂದ ಹೊರಬಿದ್ದು ಬೀದಿಯಲ್ಲಿ ಹಾಡುತ್ತ ನಡೆದರೆ, ಒಳಗೆ ಕುಳಿತವರು ಅದನ್ನು ಆ ಕ್ಷಣದಲ್ಲಿಯೇ ಪರದೆಯ ಮೇಲೆ ಕಾಣುತ್ತಿದ್ದರು.

ಕನ್ನಡದಲ್ಲಿ ಈ ವಿಚಾರಕ್ಕೆ ಹತ್ತಿರವಾದದ್ದು ಗಿರೀಶ ಕಾರ್ನಾಡರ ಒಡಕಲು ಬಿಂಬ. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಅರುಂಧತಿ ನಾಗ್ ಅವರು ಇದನ್ನು ಅಭಿನಯಿಸಿದರು. ಖ್ಯಾತಿ ಗಳಿಸಿದ ಲೇಖಕಿಯೊಬ್ಬಳು ದೂರದರ್ಶನದ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಹೊರಡುವಾಗ ಅವಳದೇ ಬಿಂಬ ಪರದೆಯಿಂದ ಅವಳನ್ನು ತಡೆದು ಪ್ರಶ್ನಿಸತೊಡಗುತ್ತದೆ. ಅವಳು ಮುಚ್ಚಿಟ್ಟ ಸತ್ಯವನ್ನು ಒಂದೊಂದಾಗಿ ಹೊರಗೆಳೆಯುತ್ತದೆ. ಅಲ್ಲಿಯ ಬಿಂಬ ಮೊದಲೇ ಚಿತ್ರಿಸಿಕೊಂಡದ್ದು. ನಟಿ ಅದರ ಮಾತಿಗೆ ಕ್ಷಣಮಾತ್ರವೂ ತಪ್ಪದಂತೆ ಹೊಂದಿಕೊಂಡು ಅಭಿನಯಿಸಬೇಕು. ಬಿಂಬಕ್ಕೆ ಒಂದು ಕೆಲಸವಿದ್ದರೆ, ಅಂದರೆ ಅದು ಆತ್ಮಸಾಕ್ಷಿಯಾಗಿ ನಿಂತರೆ, ಪರದೆ ನಾಟಕದ ಒಳಗಿನ ಪಾತ್ರವೇ ಆಗುತ್ತದೆಂಬುದನ್ನು ಈ ನಾಟಕ ತೋರಿಸಿಕೊಟ್ಟಿತು. ಕೆಲಸವಿಲ್ಲದ ಬಿಂಬ ಕೇವಲ ಅಲಂಕಾರ.

ಶರಣರ ಕಥೆಗಳಲ್ಲಿ ಏನನ್ನು ತೋರಿಸಬೇಕು

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾರೆ. ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸುತ್ತಾರೆ. ಇಡೀ ಪ್ರಸಂಗದ ತಿರುಳು ಬಟ್ಟೆಯಲ್ಲಿರುವ ಒಂದಿಷ್ಟು ಅಕ್ಕಿಯಲ್ಲಿದೆ; ಅದನ್ನು ಕಂಡ ಕ್ಷಣ ಲಕ್ಕಮ್ಮನವರ ಕಣ್ಣಿನಲ್ಲಿ ಆಗುವ ಬದಲಾವಣೆಯಲ್ಲಿದೆ. ಮೂವತ್ತು ಮೀಟರ್ ದೂರದಲ್ಲಿ ಕುಳಿತ ಅಜ್ಜಿಗೆ ಇವೆರಡೂ ಕಾಣುವುದಿಲ್ಲ. ಒಲೆಯ ಪಕ್ಕದಲ್ಲಿ ಮರೆಯಾಗಿ ಇರಿಸಿದ ಪುಟ್ಟ ಕ್ಯಾಮೆರಾವೊಂದು ಆ ಅಕ್ಕಿಯನ್ನೂ ಆ ಕೈಗಳನ್ನೂ ಅರ್ಧ ನಿಮಿಷ ಪರದೆಗೆ ತಂದರೆ, ಅಜ್ಜಿಗೂ ಮೊದಲ ಸಾಲಿನವರಿಗೆ ದೊರೆತದ್ದೇ ದೊರೆಯುತ್ತದೆ.

ಹೀಗೆಯೇ ನುಲಿಯ ಚಂದಯ್ಯನವರು ಹಗ್ಗ ಹೊಸೆಯುವ ಬೆರಳುಗಳು, ಜೇಡರ ದಾಸಿಮಯ್ಯನವರ ಮಗ್ಗದ ಲಾಳಿ, ಮೋಳಿಗೆಯ ಮಾರಯ್ಯನವರ ಹೆಗಲಿನ ಸೌದೆಯ ಹೊರೆ. ಶರಣರ ತತ್ತ್ವ ಕೈಗಳ ಕೆಲಸದಲ್ಲಿ ಪ್ರಕಟವಾದದ್ದು. ಕೈಗಳು ಕಾಣದ ನಾಟಕದಲ್ಲಿ ಕಾಯಕ ಬರಿಯ ಮಾತಾಗಿ ಉಳಿಯುತ್ತದೆ. ಆದ್ದರಿಂದ ನಾವು ಸೂಚಿಸುವ ಅಳತೆಗೋಲು ಇಷ್ಟೇ: ರಂಗದ ಮೇಲೆ ನಿಜವಾಗಿ ನಡೆಯುತ್ತಿರುವ, ಕಥೆಗೆ ಅಗತ್ಯವಾದ, ಹಿಂದಿನವರಿಗೆ ಕಾಣದ ಸಂಗತಿಯೊಂದಿದ್ದರೆ ಮಾತ್ರ ಕ್ಯಾಮೆರಾ ತೆರೆಯಬೇಕು. ಉಳಿದ ಹೊತ್ತು ಪರದೆ ಕತ್ತಲಾಗಿರಲಿ.

ಇದಕ್ಕೆ ಕಾರಣವಿದೆ. ಹೊಳೆಯುವ ಹಿರಿಯ ಬಿಂಬ ಎದುರಿಗಿದ್ದಾಗ ಕಣ್ಣು ಸಹಜವಾಗಿ ಅತ್ತ ಹೋಗುತ್ತದೆ. ಬೆವರು ಸುರಿಸಿ ಅಭಿನಯಿಸುವ ಜೀವಂತ ನಟ ಅದರ ಕೆಳಗೆ ಸಣ್ಣವನಾಗುತ್ತಾನೆ. ಮನೆಯಲ್ಲಿ ಮೊಬೈಲ್ ಪರದೆಯನ್ನು ಬಿಟ್ಟು ಬಂದ ಮಗು ಇಲ್ಲಿಯೂ ಪರದೆಯನ್ನೇ ನೋಡಿ ಹೋದರೆ ನಾಟಕ ಆಡಿದ ಶ್ರಮವೇ ವ್ಯರ್ಥ. ಎರಡು ಗಂಟೆಯ ನಾಟಕದಲ್ಲಿ ಪರದೆ ಬೆಳಗುವ ಸಂದರ್ಭಗಳು ನಾಲ್ಕೈದಕ್ಕೆ ಮೀರದಿರುವುದು ಒಳಿತು.

ಬಿಂಬ ಪರದೆಗೆ ತಲುಪುವ ದಾರಿ

ಈ ವ್ಯವಸ್ಥೆಯಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದು ಕ್ಯಾಮೆರಾ. ಎರಡನೆಯದು ದೃಶ್ಯವನ್ನು ರೇಡಿಯೋ ಅಲೆಗಳಾಗಿ ಕಳುಹಿಸುವ ಮತ್ತು ಅವನ್ನು ಸ್ವೀಕರಿಸುವ ಸಾಧನಗಳ ಜೋಡಿ. ಮೂರನೆಯದು ಯಾವ ಕ್ಯಾಮೆರಾದ ದೃಶ್ಯ ಯಾವಾಗ ಹೋಗಬೇಕೆಂದು ಆಯ್ಕೆ ಮಾಡುವ ಸ್ವಿಚರ್ ಅಥವಾ ಲ್ಯಾಪ್‌ಟಾಪ್. ನಾಲ್ಕನೆಯದು ಪ್ರೊಜೆಕ್ಟರ್ ಇಲ್ಲವೆ ಎಲ್‌ಇಡಿ ಪರದೆ.

ದೃಶ್ಯವನ್ನು ಕುಗ್ಗಿಸಿ, ಕಳುಹಿಸಿ, ಮತ್ತೆ ಬಿಡಿಸಿ ತೋರಿಸಲು ಪ್ರತಿ ಹಂತದಲ್ಲಿಯೂ ಸ್ವಲ್ಪ ಸಮಯ ಹಿಡಿಯುತ್ತದೆ. ಸೆಕೆಂಡಿಗೆ 25 ಚಿತ್ರಗಳ ಲೆಕ್ಕದಲ್ಲಿ ಒಂದು ಚಿತ್ರಕ್ಕೆ 40 ಮಿಲಿಸೆಕೆಂಡು. ನಾಲ್ಕಾರು ಚಿತ್ರಗಳಷ್ಟು ಹಿಂದೆ ಬಿದ್ದರೂ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ. ಮಿಂಚು ಮೊದಲು, ಗುಡುಗು ಆಮೇಲೆ ಎಂಬುದಕ್ಕೆ ನಮ್ಮ ಮನಸ್ಸು ಒಗ್ಗಿಕೊಂಡಿದೆ. ಆದ್ದರಿಂದ ಧ್ವನಿ ತುಸು ತಡವಾದರೆ ಸಹಿಸುತ್ತೇವೆ. ಚಿತ್ರ ತಡವಾಗಿ ಧ್ವನಿ ಮೊದಲು ಬಂದರೆ ಬೇಗನೆ ಗುರುತಿಸಿ ಕಸಿವಿಸಿಗೊಳ್ಳುತ್ತೇವೆ. ನೇರ ದೃಶ್ಯದಲ್ಲಿ ಆಗುವುದು ಈ ಎರಡನೆಯದೇ.

ಹಿಂದಿನ ಸಾಲಿನವರಿಗೆ ಇಲ್ಲಿ ಒಂದು ಅನುಕೂಲವಿದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ರಂಗದ ಬಳಿಯ ಧ್ವನಿವರ್ಧಕದಿಂದ 34 ಮೀಟರ್ ದೂರದಲ್ಲಿರುವವರಿಗೆ ಮಾತು ತಲುಪಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ದೃಶ್ಯವೂ ಅಷ್ಟೇ ತಡವಾಗಿದ್ದರೆ ಅವರಿಗೆ ಎರಡೂ ಒಟ್ಟಿಗೆ ಬಂದಂತೆಯೇ ಇರುತ್ತದೆ. ಯಾರಿಗಾಗಿ ಪರದೆಯೋ ಅವರಿಗೆ ವಿಳಂಬದ ಬಾಧೆ ಕಡಿಮೆ.

ನಿಮ್ಮ ಉಪಕರಣದ ವಿಳಂಬವನ್ನು ಅಳೆಯುವುದು ಸುಲಭ. ಒಂದು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಅದನ್ನು ಕ್ಯಾಮೆರಾದ ಮುಂದೆ ಹಿಡಿಯಿರಿ. ಆ ಮೊಬೈಲೂ ಪರದೆಯೂ ಒಟ್ಟಿಗೆ ಕಾಣುವಂತೆ ಇನ್ನೊಂದು ಮೊಬೈಲಿನಿಂದ ಛಾಯಾಚಿತ್ರ ತೆಗೆಯಿರಿ. ಎರಡು ಕಡೆಯ ಅಂಕಿಗಳ ನಡುವಿನ ವ್ಯತ್ಯಾಸವೇ ವಿಳಂಬ. ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿದ್ದರೆ ಮಾತನಾಡುವ ಮುಖವನ್ನೂ ತೋರಿಸಬಹುದು. ಅರ್ಧ ಸೆಕೆಂಡು ಬಂದರೆ ಕೈಗಳನ್ನೂ ವಸ್ತುಗಳನ್ನೂ ಮಾತ್ರ ತೋರಿಸಿ. ಮೊಬೈಲ್ ಆ್ಯಪ್‌ಗಳ ಮೂಲಕ ವೈ-ಫೈಯಲ್ಲಿ ದೃಶ್ಯ ಕಳುಹಿಸುವ ಪುಟ್ಟ ಕ್ಯಾಮೆರಾಗಳಲ್ಲಿ ವಿಳಂಬ ಹೆಚ್ಚು. ಇದಕ್ಕೆಂದೇ ತಯಾರಾದ ನಿಸ್ತಂತು ಎಚ್‌ಡಿಎಂಐ ಜೋಡಿಗಳಲ್ಲಿ ಕಡಿಮೆ.

ತಾಲೀಮಿನಲ್ಲಿ ಸರಿಯಿದ್ದದ್ದು ಪ್ರದರ್ಶನದಲ್ಲಿ ಕೈಕೊಡುವುದೇಕೆ

ಖಾಲಿ ಸಭಾಂಗಣದಲ್ಲಿ ಚೆನ್ನಾಗಿ ನಡೆದ ನಿಸ್ತಂತು ಕ್ಯಾಮೆರಾ ಜನ ತುಂಬಿದಾಗ ತಡವರಿಸುವುದು ಸಾಮಾನ್ಯ. ಇದಕ್ಕೆ ಎರಡು ಕಾರಣಗಳಿವೆ. ಇಂತಹ ಸಾಧನಗಳು ಹೆಚ್ಚಾಗಿ ಬಳಸುವುದು 2.4 ಮತ್ತು 5 ಗಿಗಾಹರ್ಟ್ಸ್ ತರಂಗಗಳನ್ನು. ಮನುಷ್ಯನ ದೇಹದಲ್ಲಿ ನೀರಿನ ಅಂಶ ಹೆಚ್ಚಿರುವುದರಿಂದ ದೇಹವು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಕಿಕ್ಕಿರಿದ ಸಭೆ ಅಲೆಗಳಿಗೆ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಎರಡನೆಯದಾಗಿ, ಸಭಿಕರ ಜೇಬಿನಲ್ಲಿರುವ ನೂರಾರು ಮೊಬೈಲುಗಳ ವೈ-ಫೈ, ಬ್ಲೂಟೂತ್‌ಗಳೂ ಅದೇ ತರಂಗಗಳಲ್ಲಿ ಮಾತನಾಡುತ್ತಿರುತ್ತವೆ. 2.4 ಗಿಗಾಹರ್ಟ್ಸ್ ವೈ-ಫೈಯಲ್ಲಿ ಒಂದರ ಮೇಲೊಂದು ಬೀಳದೆ ಸಾಗಬಲ್ಲ ದಾರಿಗಳು ಮೂರೇ ಮೂರು. ಕಾಲರ್ ಮೈಕುಗಳಲ್ಲಿ ಕೆಲವು ಇದೇ ತರಂಗದವು. ಕ್ಯಾಮೆರಾ ಹಾಕಿದ ಮೇಲೆ ಮೈಕು ಕೆಟ್ಟರೆ ನಷ್ಟವೇ ದೊಡ್ಡದು.

ಪರಿಹಾರಗಳು ಸರಳವಾಗಿವೆ. ಸ್ವೀಕರಿಸುವ ಸಾಧನವನ್ನು ಜನರ ತಲೆಗಳಿಗಿಂತ ಮೇಲೆ, ರಂಗಕ್ಕೆ ಹತ್ತಿರವಾಗಿ, ನಡುವೆ ಅಡ್ಡವಿಲ್ಲದಂತೆ ಕಟ್ಟಬೇಕು. ಸಾಧ್ಯವಿದ್ದಲ್ಲಿ 5 ಗಿಗಾಹರ್ಟ್ಸ್ ಆರಿಸಿಕೊಳ್ಳಬೇಕು. ಅಲ್ಲಿಂದ ಪ್ರೊಜೆಕ್ಟರಿನವರೆಗೆ ತಂತಿಯನ್ನೇ ಎಳೆಯಬೇಕು. ಚಲಿಸದೆ ಒಂದೇ ಕಡೆ ಇರುವ ಕ್ಯಾಮೆರಾಗೆ ನಿಸ್ತಂತು ವ್ಯವಸ್ಥೆಯ ಅಗತ್ಯವೇ ಇಲ್ಲ. ಸಾಮಾನ್ಯ ಎಚ್‌ಡಿಎಂಐ ತಂತಿ ಹತ್ತು ಹದಿನೈದು ಮೀಟರ್ ದಾಟಿದರೆ ನಂಬಿಕೆಗೆ ಅರ್ಹವಲ್ಲ. ಅದಕ್ಕಿಂತ ದೂರಕ್ಕೆ ಎಸ್‌ಡಿಐ ತಂತಿ ಮೇಲು.

ಕೊಡಗಿನ ಹವೆಯದ್ದು ಬೇರೆಯೇ ಕಥೆ. ಕಾಫಿಯ ಹೂಮಳೆಯ ದಿನಗಳಲ್ಲಿ ಗುಡುಗು ಮಿಂಚಿನೊಂದಿಗೆ ವಿದ್ಯುತ್ತು ಹೋಗುವುದು ನಮಗೆಲ್ಲ ತಿಳಿದದ್ದೇ. ಜನರೇಟರಿಗೆ ಬದಲಾಗುವ ಕೆಲವು ಕ್ಷಣಗಳಲ್ಲಿ ಸ್ವಿಚರ್ ಮತ್ತು ಸ್ವೀಕರಿಸುವ ಸಾಧನ ಆರಿಹೋದರೆ ಮತ್ತೆ ಜೋಡಣೆಯಾಗಲು ನಿಮಿಷಗಳೇ ಹಿಡಿಯಬಹುದು. ಆದ್ದರಿಂದ ಇವೆರಡಕ್ಕೂ ಚಿಕ್ಕ ಯುಪಿಎಸ್ ಇರಲಿ. ಪುಟ್ಟ ಕ್ಯಾಮೆರಾಗಳ ಬ್ಯಾಟರಿ ಇಡೀ ನಾಟಕಕ್ಕೆ ಸಾಲುವುದು ಕಷ್ಟ. ಪವರ್ ಬ್ಯಾಂಕ್ ಜೋಡಿಸಿಡಿ. ತಣ್ಣಗಿನ ಕೋಣೆಯಲ್ಲಿದ್ದ ಕ್ಯಾಮೆರಾವನ್ನು ಜನರ ಉಸಿರಿನಿಂದ ಬೆಚ್ಚಗೂ ತೇವವೂ ಆದ ಸಭಾಂಗಣಕ್ಕೆ ತಂದೊಡನೆ ಮಸೂರದ ಮೇಲೆ ಮಂಜು ಕಟ್ಟುತ್ತದೆ. ಪ್ರದರ್ಶನಕ್ಕೆ ಒಂದು ಗಂಟೆ ಮೊದಲೇ ರಂಗದ ಬಳಿ ತಂದಿಟ್ಟರೆ ಈ ತೊಂದರೆ ತಪ್ಪುತ್ತದೆ.

ಬೆಳಕಿನ ಲೆಕ್ಕವನ್ನೂ ಮೊದಲೇ ಮಾಡಬೇಕು. 3,000 ಲ್ಯೂಮೆನ್ ಸಾಮರ್ಥ್ಯದ ಪ್ರೊಜೆಕ್ಟರಿನ ಬೆಳಕನ್ನು 4 ಮೀಟರ್ ಅಗಲ, 2.25 ಮೀಟರ್ ಎತ್ತರದ ಪರದೆಗೆ ಹರಡಿದರೆ ಪ್ರತಿ ಚದರ ಮೀಟರಿಗೆ ಸಿಗುವುದು ಸುಮಾರು 333 ಲ್ಯೂಮೆನ್. ರಂಗದೀಪಗಳ ಬೆಳಕು ಪರದೆಯ ಮೇಲೆ ಚೆಲ್ಲಿದರೆ ಚಿತ್ರ ಪೇಲವವಾಗುತ್ತದೆ. ಪರದೆಯ ಅಗಲ ಎತ್ತರಗಳೆರಡನ್ನೂ ಅರ್ಧಕ್ಕೆ ಇಳಿಸಿದರೆ ಅದೇ ಬೆಳಕು ನಾಲ್ಕು ಪಟ್ಟು ಗಾಢವಾಗುತ್ತದೆ. ದೊಡ್ಡದಾಗಿ ಮಂಕಾಗಿ ಕಾಣುವುದಕ್ಕಿಂತ ಚಿಕ್ಕದಾಗಿ ಸ್ಪಷ್ಟವಾಗಿ ಕಾಣುವುದು ಲೇಸು. ಕ್ಯಾಮೆರಾ ತಾನಾಗಿಯೇ ಬೆಳಕು ಬಣ್ಣಗಳನ್ನು ಬದಲಿಸಿಕೊಳ್ಳದಂತೆ ಕೈಯಿಂದ ನಿಗದಿಪಡಿಸಬೇಕು; ಇಲ್ಲವಾದರೆ ದೀಪ ಮಂದವಾದಾಗಲೆಲ್ಲ ಚಿತ್ರ ಬೆಳ್ಳಗಾಗಿ ದೃಶ್ಯದ ಭಾವ ಕೆಡುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದುದರಿಂದ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇರಿಸಿದರೆ ಮಿಣುಕಾಟ ಬಹುಮಟ್ಟಿಗೆ ನಿಲ್ಲುತ್ತದೆ. ಕ್ಯಾಮೆರಾದ ದೃಷ್ಟಿಗೆ ಪರದೆಯೇ ಬೀಳದಿರಲಿ. ಬಿದ್ದರೆ ಎದುರುಬದುರು ಕನ್ನಡಿಗಳಂತೆ ಬಿಂಬದೊಳಗೆ ಬಿಂಬ ಕೊನೆಯಿಲ್ಲದೆ ಮೂಡುತ್ತದೆ.

ಬಳಸಲೇಬಾರದ ಎಡೆಗಳು

ಕ್ಯಾಮೆರಾ ಪುಟ್ಟದಾದಷ್ಟೂ ಅದು ಎಲ್ಲಿದೆಯೆಂಬುದು ಇತರರಿಗೆ ತಿಳಿಯುವುದು ಕಷ್ಟ. ಯಂತ್ರದ ಗುಣದೋಷಗಳಿಗಿಂತ ಈ ವಿಷಯವನ್ನು ನಾವು ಹೆಚ್ಚು ಗಂಭೀರವಾಗಿ ಪರಿಗಣಿಸಬೇಕು. ನಮ್ಮ ನಾಟಕಗಳಲ್ಲಿ ಅಭಿನಯಿಸುವವರು ಬಹುಪಾಲು ಶಾಲಾ ಮಕ್ಕಳು, ಅಕ್ಕನ ಬಳಗದ ತಾಯಂದಿರು, ಊರಿನ ಯುವಕ ಯುವತಿಯರು. ನಮ್ಮನ್ನು ನಂಬಿ ಅವರು ರಂಗವೇರುತ್ತಾರೆ.

ಬಣ್ಣ ಹಚ್ಚುವ, ಉಡುಪು ಬದಲಿಸುವ ಕೋಣೆಗೆ ಕ್ಯಾಮೆರಾ ಇರುವ ಯಾವ ಸಾಧನವೂ ಹೋಗಬಾರದು. ಆರಿಸಿಟ್ಟ ಕ್ಯಾಮೆರಾವನ್ನೂ ಅಲ್ಲಿ ಇಡಬಾರದು. ಒಬ್ಬ ಹಿರಿಯರು ಕ್ಯಾಮೆರಾಗಳನ್ನು ಎಣಿಸಿ ಕೊಟ್ಟು, ನಾಟಕ ಮುಗಿದ ಮೇಲೆ ಎಣಿಸಿ ಹಿಂಪಡೆಯುವ ಹೊಣೆ ಹೊರಲಿ. ನಿಸ್ತಂತು ದೃಶ್ಯವನ್ನು ಹೊರಗಿನವರು ಹಿಡಿಯಲಾಗದಂತೆ ಗುಪ್ತಪದ ಹಾಕಿರಬೇಕು. ತಯಾರಕರು ಕೊಟ್ಟ ಮೂಲ ಗುಪ್ತಪದವನ್ನು ಬದಲಿಸಿರಬೇಕು.

ಪರದೆಗೆ ತೋರಿಸುವುದೇ ಬೇರೆ, ದಾಖಲಿಸಿ ಜಾಲತಾಣಕ್ಕೆ ಹಾಕುವುದೇ ಬೇರೆ. ಆ ಸಂಜೆಯ ಸಭೆಯ ಮುಂದೆ ಅಭಿನಯಿಸಲು ಒಪ್ಪಿದ ಮಗು ಜಗತ್ತಿನ ಮುಂದೆ ಶಾಶ್ವತವಾಗಿ ಉಳಿಯಲು ಒಪ್ಪಿದಂತಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ವಿಷಯದಲ್ಲಿ ಹೆತ್ತವರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆ ಇರಲಿ ಬಿಡಲಿ, ತಂದೆತಾಯಿಯನ್ನೂ ಮಗುವನ್ನೂ ಕೇಳಿ ಮುಂದುವರಿಯುವುದು ಸಭ್ಯತೆ.

ಲಿಂಗಪೂಜೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ನಾಟಕದಲ್ಲಿ ಪಾತ್ರಧಾರಿಯ ಕರಸ್ಥಲವನ್ನು ಹತ್ತಿರದಿಂದ ತೋರಿಸುವುದು ಕಥೆಗೆ ಬೇಕಾದೀತು. ಸಾಮೂಹಿಕ ಇಷ್ಟಲಿಂಗ ಪೂಜೆಯಲ್ಲಿ ಮೈಮರೆತು ಕುಳಿತ ಭಕ್ತರ ಕರಸ್ಥಲವನ್ನು ಅವರಿಗೆ ಅರಿವಿಲ್ಲದಂತೆ ಪರದೆಗೆ ತರುವುದು ಸಲ್ಲದು. ಕ್ರಮವನ್ನು ಕಲಿಸುತ್ತಿರುವ ಗುರುಗಳ ಕೈಗಳನ್ನು ತೋರಿಸಿದರೆ ಹೊಸಬರಿಗೆ ಉಪಕಾರ. ಪೂಜಿಸುವವರ ಅಂತರಂಗದ ಹೊತ್ತು ಅವರದೇ.

ನಾಟಕ ನಡೆಯುತ್ತಿರುವಾಗ ಕ್ಯಾಮೆರಾವನ್ನು ಮುಂದಿನ ಸಾಲಿನ ಗಣ್ಯರತ್ತ ತಿರುಗಿಸುವ ರೂಢಿಯೊಂದು ಬೆಳೆಯುತ್ತಿದೆ. ಹಿಂದೆ ಕುಳಿತವರಿಗೆ ಲಕ್ಕಮ್ಮನವರ ಮುಖ ಕಾಣಲೆಂದು ತಂದ ಪರದೆ ಅತಿಥಿಗಳ ಮುಖ ತೋರಿಸಲು ಬಳಕೆಯಾದರೆ ಉದ್ದೇಶವೇ ತಲೆಕೆಳಗಾಗುತ್ತದೆ. ಸನ್ಮಾನಕ್ಕೆ ಅದರದೇ ಹೊತ್ತಿದೆ.

ಆರಂಭಿಸುವವರಿಗೆ

ಮೊದಲ ಸಲ ಬಳಸುವವರು ಒಂದೇ ಕ್ಯಾಮೆರಾ, ಒಂದೇ ದೃಶ್ಯಕ್ಕೆ ಸೀಮಿತಗೊಳಿಸಿಕೊಳ್ಳಲಿ. ಹೊಸದನ್ನು ಕೊಳ್ಳುವ ಮೊದಲು ಮನೆಯಲ್ಲಿರುವ ಮೊಬೈಲನ್ನೇ ತಂತಿಯ ಮೂಲಕ ಪ್ರೊಜೆಕ್ಟರಿಗೆ ಜೋಡಿಸಿ ಪ್ರಯೋಗಿಸಬಹುದು. ಎಲ್ಲ ಮೊಬೈಲುಗಳೂ ಹಾಗೆ ಚಿತ್ರವನ್ನು ಹೊರಗೆ ಕಳುಹಿಸಲಾರವು; ಮೊದಲೇ ಪರೀಕ್ಷಿಸಿಕೊಳ್ಳಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಲು ಮರೆಯದಿರಿ. ಶರಣರ ಮುಖದ ಮೇಲೆ ಯಾರದೋ ಕರೆ ಬಂದು ನಿಲ್ಲಬಾರದು. ಊರಿನ ಹತ್ತಿಪ್ಪತ್ತು ಜನರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಅವರ ಮೊಬೈಲುಗಳೂ ಚಾಲನೆಯಲ್ಲಿರುವಂತೆ ಕೊನೆಯ ತಾಲೀಮು ನಡೆಸಿ, ಅವರಿಗೆ ಏನು ಕಂಡಿತೆಂದು ಕೇಳಿ. ಕ್ಯಾಮೆರಾ ನಿರ್ವಹಿಸುವವರನ್ನು ಮೊದಲ ದಿನದಿಂದಲೇ ತಾಲೀಮಿಗೆ ಕರೆಯಿರಿ. ಅವರದೂ ನಟರಷ್ಟೇ ಮುಖ್ಯವಾದ ಕಾಯಕ.

ಎಲ್ಲಕ್ಕಿಂತ ಮುಖ್ಯವಾಗಿ, ಪರದೆ ಕತ್ತಲಾದರೂ ನಾಟಕ ನಿಲ್ಲದಂತೆ ಸಿದ್ಧರಾಗಿರಬೇಕು. ಪ್ರೊಜೆಕ್ಟರ್ ಕೆಟ್ಟ ಸಂಜೆಯೂ ಲಕ್ಕಮ್ಮನವರ ಪಾತ್ರಧಾರಿ ತನ್ನ ದನಿಯಿಂದ, ನಿಲುವಿನಿಂದ ಆ ಅಕ್ಕಿಯ ಭಾರವನ್ನು ಸಭೆಗೆ ಮುಟ್ಟಿಸಬಲ್ಲವಳಾಗಿರಬೇಕು. ಪರದೆಗೆಂದು ವ್ಯಯವಾಗುವ ಹಣ ಅವಳ ತಾಲೀಮಿನಿಂದ, ಒಳ್ಳೆಯ ಮೈಕಿನಿಂದ, ಹಿರಿಯರು ಕೂರುವ ಕುರ್ಚಿಯಿಂದ ಕಡಿತವಾಗಿ ಬರುವಂತಿದ್ದರೆ ಪರದೆ ಮುಂದಿನ ವರ್ಷಕ್ಕಿರಲಿ. ಹಣ ಉಳಿದು, ಹೊಣೆ ಹೊರುವವರೂ ಇದ್ದರೆ, ಬರುವ ಬಸವ ಜಯಂತಿಯ ನಾಟಕದಲ್ಲಿ ಒಂದು ದೃಶ್ಯಕ್ಕಾದರೂ ಇದನ್ನು ಪ್ರಯೋಗಿಸಿ ನೋಡಿರೆಂದು ಯುವಕ ಸಂಘಗಳನ್ನೂ ಶಾಲೆಗಳ ಅಧ್ಯಾಪಕರನ್ನೂ ಕೋರುತ್ತೇವೆ.